ಅಪ್ಪಯ್ಯನಿಗೊಂದು ಬ್ಯಾಟ್ರಿ

ನಮ್ಮೂರಲ್ಲಿ ಟಾರ್ಚ್‌ಗೆ ಯಾರೂ ಟಾರ್ಚ್ ಅನ್ನೋದಿಲ್ಲ. ಅದು ಬ್ಯಾಟ್ರಿ. ಒಳಗೆ ಹಾಕೋದು ಸೆಲ್ಲು. ಇದೆಲ್ಲ ಮರೆತವನ ಹಾಗೆ ನಾನು ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಕೂತು ಅಪ್ಪಯ್ಯನಿಗೆ ಒಂದು ‘ಟ್ಯಾಕ್ಟಿಕಲ್ ಫ್ಲ್ಯಾಶ್‌ಲೈಟ್’ ಆರ್ಡರ್ ಮಾಡಿದೆ. ಅಂಗಿ ಜೇಬಿಗೆ ಹಿಡಿಸುವಷ್ಟು ಚಿಕ್ಕದು, 1200 ಲ್ಯೂಮೆನ್, ಟೈಪ್-ಸಿ ಚಾರ್ಜಿಂಗ್, ಐದು ಮೋಡು. ಐದನ್ನೂ ಫೋನಿನಲ್ಲಿ ವಿವರಿಸಿದೆ. ಅಪ್ಪಯ್ಯ ಎಲ್ಲ ಕೇಳಿಸಿಕೊಂಡು, “ಇದೆಂಥ ಮಾರಾಯ, ದೀಪ ಹಚ್ಚೋಕೂ ಪರೀಕ್ಷೆ ಪಾಸಾಗ್ಬೇಕಾ?” ಅಂದರು. ನಾನು ನಕ್ಕೆ.

ನಮ್ಮ ಮನೆ ಇರೋದು ಹೊಸನಗರ ತಾಲೂಕಿನಲ್ಲಿ, ಡಾಂಬರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಮನೆಗೆ ಗುಡ್ಡದ ಅಬ್ಬಿ ನೀರು, ಪೈಪಿನಲ್ಲಿ ತಾನೇ ಇಳಿದು ಬರುತ್ತೆ. ಜುಲೈ ಮಳೆಗೆ ಹಳ್ಳ ಏರಿದರೆ ಪೈಪು ಕಿತ್ತುಕೊಳ್ಳುತ್ತೆ, ಅದೂ ರಾತ್ರಿಯೇ. ಬೆಳಗ್ಗೆ ಹೋದರೆ ಆಗಲ್ವಾ ಅಂತ ಕೇಳಬೇಡಿ, ಅಷ್ಟೊತ್ತಿಗೆ ಪೈಪೇ ಇರೋದಿಲ್ಲ. ಅಡಿಕೆ ಮರದ ಸಂಕ ದಾಟಿ ಹೋಗಿ ಸಿಕ್ಕಿಸಿ ಬರಬೇಕು. ಆ ಹೊತ್ತಿಗೆ ಕರೆಂಟು ಇದ್ದದ್ದು ನನಗೆ ನೆನಪಿಲ್ಲ. ಲಿಂಗನಮಕ್ಕಿ ಪಕ್ಕದ ಸಾಗರ ತಾಲೂಕಿನಲ್ಲಿ, ಮಾಣಿ ಅಣೆಕಟ್ಟು ನಮ್ಮ ತಾಲೂಕಿನಲ್ಲೇ. ಎರಡರ ನೀರಿನಿಂದಲೂ ನಾಡಿಗೆ ಕರೆಂಟು ಹೋಗುತ್ತೆ. ಕಾಡಿನ ನಡುವಿನ ತಂತಿ ಮೇಲೆ ಒಂದು ಮರ ಬಿದ್ದರೆ ನಮಗೆ ಮಾತ್ರ ಮೂರು ದಿನ ಕತ್ತಲೆ.

ಅಂಥದ್ದೇ ಒಂದು ರಾತ್ರಿ ಅಪ್ಪಯ್ಯ ಸಂಕದಿಂದ ಬಿದ್ದರು. ಹಳ್ಳ ಮೊಣಕಾಲು ಮಟ್ಟ ಇತ್ತು, ಪುಣ್ಯ. ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್. ಫೋನಿನಲ್ಲಿ ನನಗೆ ಹೇಳಿದ್ದು “ಸಂಕ ಜಾರ್ತಿತ್ತು” ಅಂತ ಅಷ್ಟೇ. ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ ಬಚ್ಚಲ ಒಲೆ ಮುಂದೆ ಕೂತು ನಿಜ ಹೇಳಿದಳು. ಸಂಕದ ನಡುವೆ ಒದ್ದೆ ಹೆಬ್ಬೆರಳು ಬಟನ್ ಮೇಲೆ ಎರಡು-ಮೂರು ಸಲ ಒತ್ತಿದೆ, ಬ್ಯಾಟ್ರಿ ಪಕಪಕ ಅಂತ ಮಿನುಗೋಕೆ ಶುರು ಮಾಡಿದೆ. ಅದು ಐದನೇ ಮೋಡು, ಸ್ಟ್ರೋಬ್. ಎದುರಿನವರ ಕಣ್ಣು ಕುಕ್ಕಿಸಲು ಅಂತ ಇಟ್ಟಿದ್ದು. ಕಾಲಿಡುವ ಜಾಗ ಕಾಣದೆ ಅಪ್ಪಯ್ಯ ಗಾಳಿಯಲ್ಲಿ ಹೆಜ್ಜೆ ಇಟ್ಟಿದ್ದಾರೆ. “ಅವನಿಗೆ ಹೇಳ್ಬೇಡ, ಬೇಜಾರು ಮಾಡ್ಕೊಳ್ತಾನೆ” ಅಂದಿದ್ದರಂತೆ.

ನನ್ನ ಕೆಲಸವೇ ಜನ ಒತ್ತುವ ಬಟನ್‌ಗಳಿಗೆ ಕೋಡ್ ಬರೆಯೋದು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ನಾನು ಲ್ಯೂಮೆನ್ ಬಿಟ್ಟು ಉಳಿದದ್ದನ್ನು ಓದೋಕೆ ಕೂತೆ. ಲ್ಯೂಮೆನ್ ಅಂದರೆ ಒಟ್ಟು ಬೆಳಕು. ಅದು ಎಷ್ಟು ದೂರ ಹೋಗುತ್ತೆ ಅಂತ ಹೇಳೋದು ಕ್ಯಾಂಡೆಲಾ. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಮೀಟರ್ ಲೆಕ್ಕದಲ್ಲಿ ದೂರ ಸಿಗುತ್ತೆ. 10,000 ಕ್ಯಾಂಡೆಲಾಗೆ 200 ಮೀಟರ್. ಆದರೆ ಆ ತುದಿಯಲ್ಲಿ ಬೀಳೋದು ಹುಣ್ಣಿಮೆಯಷ್ಟು ಬೆಳಕು ಮಾತ್ರ, ಹಂದಿಯೋ ಪೊದೆಯೋ ಅನ್ನುವಷ್ಟು. ಇನ್ನು ಅಷ್ಟು ಚಿಕ್ಕ ಟಾರ್ಚು 1200 ಲ್ಯೂಮೆನ್ ಕೊಡೋದು ಕೆಲವೇ ನಿಮಿಷ. ಕಾದ ತಕ್ಷಣ ತಾನೇ ಇಳಿಸಿಕೊಳ್ಳುತ್ತೆ. ಪೆಟ್ಟಿಗೆ ಮೇಲಿನ ‘ಮೂರು ಗಂಟೆ’ ಅನ್ನೋದೂ ಹಾಗೇ. ಎಎನ್‌ಎಸ್‌ಐ ಎಫ್‌ಎಲ್1 ಅಳತೆಯ ಪ್ರಕಾರ, ಬೆಳಕು ಶುರುವಿನ ಹತ್ತನೇ ಒಂದು ಭಾಗಕ್ಕೆ ಇಳಿಯುವ ತನಕದ ಹೊತ್ತೆಲ್ಲ ಅದರಲ್ಲಿ ಸೇರಿರುತ್ತೆ. ಸೆಲ್ಲಿನ ಮೇಲೆ 9900 ಎಂಎಎಚ್ ಅಂತ ಬರೆದು ಮಾರೋರ ಬಗ್ಗೆ ಹೇಳೋದೇ ಬೇಡ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 18650 ಸೆಲ್ಲಿನಲ್ಲಿ ಒಳ್ಳೆಯದಾದರೂ 3500ರ ಆಸುಪಾಸು ಅಷ್ಟೇ ಹಿಡಿಯೋದು.

ಮುಂದಿನ ಸಲ ಊರಿಗೆ ಮೂರು ಟಾರ್ಚ್ ತಗೊಂಡು ಹೋದೆ. ಜಡಿಮಳೆಯಲ್ಲಿ, ಕಂಬಳಿ ಕೊಪ್ಪೆ ಹಾಕಿಕೊಂಡು ಸಂಕದ ತನಕ ಹೋಗಿ ಪರೀಕ್ಷೆ. ಪರೀಕ್ಷಕರು ಅಪ್ಪಯ್ಯ, ನಾನು ಹಿಂದೆ ಹಿಂದೆ.

ಮೊದಲನೆಯದು ಎಲ್ಲಕ್ಕಿಂತ ಜೋರು, ನೀಲಿ ಹೊಡೆಯುವ ಬಿಳಿ. ಮಂಜಿನಲ್ಲಿ ಹಚ್ಚಿದರೆ ಎದುರಿಗೆ ಸುಣ್ಣದ ಗೋಡೆ ಎದ್ದ ಹಾಗೆ. ಜೋರು ಮಾಡಿದಷ್ಟೂ ಗೋಡೆ ಇನ್ನೂ ಹತ್ತಿರ. ಎರಡನೆಯದರ ಬೆಳಕು ಹಳದಿ ಕಡೆಗಿತ್ತು, ಬಣ್ಣ ತೋರಿಸುವ ಸಿಆರ್‌ಐ ಅಂಕ 90ರ ಮೇಲೆ. ತೋಟದ ನೆಲದಲ್ಲಿ ಒದ್ದೆ ಹಾಳೆ, ಕೊಳೆತ ಸೋಗೆ, ಕಂದು ಮಣ್ಣು ಎಲ್ಲ ಬೇರೆಬೇರೆಯಾಗಿ ಕಂಡವು. ಕೊಳಕುಮಂಡಲ ಮಲಗೋದು ಅಂಥ ಬಣ್ಣಗಳ ನಡುವೆಯೇ, ಹಾಗಾಗಿ ಇದು ಚಂದಕ್ಕಲ್ಲ. ಆದರೆ ಅದರ ಸೆಲ್ಲು ಒಳಗೇ ಕೂತಿದೆ, ಬಿಚ್ಚೋ ಹಾಗಿಲ್ಲ. ಕರೆಂಟು ಹೋದ ಎರಡನೇ ದಿನ ಅದು ಬರೀ ಕಬ್ಬಿಣದ ತುಂಡು. “ಸೆಲ್ಲು ತೆಗಿಯೋಕೆ ಬರದೇ ಇರೋದು ಬ್ಯಾಟ್ರಿ ಹ್ಯಾಂಗಾಗ್ತದೆ?” ಅಂದರು ಅಪ್ಪಯ್ಯ. ಜೊತೆಗೆ ಅದು ಫೋನಿನ ಸಿ-ಟು-ಸಿ ಕೇಬಲ್‌ನಲ್ಲಿ ಚಾರ್ಜೇ ಆಗಲಿಲ್ಲ. ಒಳಗಿರಬೇಕಾದ ಎರಡು ಪುಟಾಣಿ ರೆಸಿಸ್ಟರ್ ಹಾಕಿರದಿದ್ದರೆ ಹೀಗಾಗುತ್ತೆ. ಉಳಿಸಿದ್ದು ಪೈಸೆ ಲೆಕ್ಕ, ಹಾಳಾಗಿದ್ದು ನನ್ನ ಮರ್ಯಾದೆ.

ಮೂರನೆಯದು ನೋಡೋಕೆ ಏನೂ ಇಲ್ಲ. ಹಿಂದುಗಡೆ ಟಕ್ ಅನ್ನುವ ಒಂದೇ ಸ್ವಿಚ್ಚು. ಜೋರು, ಸಣ್ಣ, ಎರಡೇ ಮೋಡು. ಸಣ್ಣದರಲ್ಲಿ ಐವತ್ತೋ ಅರವತ್ತೋ ಲ್ಯೂಮೆನ್, ಕಾಲ ಬುಡಕ್ಕೆ ಅಷ್ಟು ಸಾಕು. ಸೆಲ್ಲು ಬಿಚ್ಚಿ ಬದಲಾಯಿಸಬಹುದು. ಐಪಿಎಕ್ಸ್7, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕು. ಹಳ್ಳಕ್ಕೆ ಬಿದ್ದರೂ ಪರವಾಗಿಲ್ಲ ಅಂದುಕೊಂಡೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಅಪ್ಪಯ್ಯ ಅದನ್ನು ಎಡಗೈಯಲ್ಲಿ ಹಿಡಿದು ಸಂಕದ ಮೇಲೆ ಹೋದರು, ಬಂದರು, ಮತ್ತೆ ಹೋದರು. ನಡುವೆ ನಿಂತು ಬೇಕಂತಲೇ ಬಟನ್ ಟಕಟಕ ಒತ್ತಿದರು. ಜೋರು, ಸಣ್ಣ, ಆರಿತು. ಮಿನುಗಲಿಲ್ಲ. ಈಚೆ ಬಂದು ನನ್ನ ಮುಖಕ್ಕೆ ಬೆಳಕು ಬಿಟ್ಟು, “ಅಮ್ಮ ಹೇಳಿದ್ಳಾ?” ಅಂದರು. ಹೂಂ ಅಂದೆ. “ಸಂಕ ಜಾರೋದೂ ಹೌದು” ಅಂದು ಮನೆ ಕಡೆ ನಡೆದರು.

ನನ್ನ ಜೇಬಿನಲ್ಲಿ ಈಗ ಇರೋದು ಅದಕ್ಕಿಂತ ಚಿಕ್ಕದು. ಮಾಮೂಲಿ ಡಬಲ್-ಎ ಸೆಲ್ಲಿನ ಗಾತ್ರದ 14500 ರೀಚಾರ್ಜೆಬಲ್ ಹಾಕೋದು. ಅದು ಖಾಲಿಯಾದರೆ ಕಿರಾಣಿ ಅಂಗಡಿಯ ಡಬಲ್-ಎ ಹಾಕಿದರೂ ನಡೆಯುತ್ತೆ, ಬೆಳಕು ಸ್ವಲ್ಪ ಕಮ್ಮಿ. ಎಲ್ಲ ಟಾರ್ಚಿಗೂ ಈ ಸೌಕರ್ಯ ಇಲ್ಲ, ಕಂಪನಿ ಬರೆದಿದ್ದರೆ ಮಾತ್ರ ಹಾಕಿ. ರಾತ್ರಿ ಬಸ್ಸು ಸಾಗರದಲ್ಲಿ ಇಳಿಸುವಾಗ ಇನ್ನೂ ಬೆಳಕು ಹರಿದಿರೋದಿಲ್ಲ, ಅಲ್ಲಿಂದಲೇ ಅದಕ್ಕೆ ಕೆಲಸ. ಫೋನಿನ ಲೈಟು ಸಾಲಲ್ವಾ ಅನ್ನೋರು ಒಂದ್ಸಲ ಜುಲೈನಲ್ಲಿ, ಒಂದು ಕೈಯಲ್ಲಿ ಕೊಡೆ ಹಿಡಿದು ನಮ್ಮ ಮನೆಗೆ ಬರಲಿ.

ಅಪ್ಪಯ್ಯ ಈಗ ತಮ್ಮ ಬ್ಯಾಟ್ರಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದಾರೆ. ಒದ್ದೆ ಕೈಯಲ್ಲಿ ಜಾರೋದಿಲ್ಲ, ಜಗಲಿ ಮೇಲೆ ಇಟ್ಟರೆ ಉರುಳೋದೂ ಇಲ್ಲ. ಐಡಿಯಾ ನನ್ನದಲ್ಲ. ಚಾರ್ಜ್ ಮಾಡಿದ ಇನ್ನೊಂದು ಸೆಲ್ಲು ಪ್ಲಾಸ್ಟಿಕ್ ಡಬ್ಬಿಯಲ್ಲಿ ದೇವರ ಕೋಣೆಯ ಗೂಡಿನಲ್ಲಿದೆ. ಬರಿದೇ ಇಟ್ಟರೆ ಕೀಲಿಕೈಗೋ ಚಿಲ್ಲರೆಗೋ ತಾಗಿ ಶಾರ್ಟ್ ಆಗಬಹುದು ಅಂತ ಡಬ್ಬಿ ಕೊಟ್ಟದ್ದು ನಾನು, ಜಾಗ ಆರಿಸಿದ್ದು ಅಮ್ಮ.

ಹೋದ ವಾರ ಅಪ್ಪಯ್ಯನ ಫೋನ್ ಬಂತು. ತೀರ್ಥಹಳ್ಳಿಯಲ್ಲಿರೋ ಅಕ್ಕನ ಮನೆಗೂ ಒಂದು ಬೇಕಂತೆ, ಭಾವ ಕೇಳಿದ್ದಾರಂತೆ. “ಒಂದೇ ಬಟನ್ನಿಂದು ಕಳ್ಸು” ಅಂದರು. “ಅವ್ರು ನಿನ್ನ ಹಾಗೆ ಓದ್ದೋರು, ಇರೋದನ್ನೆಲ್ಲ ಒತ್ತಿ ನೋಡ್ತಾರೆ.”