ನಮ್ಮ ಗುಡ್ಡಕ್ಕೇ ಒಂದು ಟ್ರಿಪ್ಪು

2024ರ ಡಿಸೆಂಬರ್ ರಜಕ್ಕೆ ಎಲ್ಲಿಗೆ ಹೋಗದು ಅಂತ ನಮ್ಮ ಮನೇಲಿ ಹದಿನೈದು ದಿನ ಪಂಚಾಯ್ತಿ ನಡೀತು. ಮಗಳಿಗೆ ಚಿಕ್ಕಮಗಳೂರು, ಮಗನಿಗೆ ಸಮುದ್ರ, ನಮ್ಮನೆಯವ್ರಿಗೆ ಎಲ್ಲಾದ್ರೂ ಸೈ, ನಿದ್ದೆ ಮಾಡಕ್ಕೆ ಬಿಟ್ರೆ ಸಾಕು. ನನಗೆ ಮಾತ್ರ ಹಿಂದಿನ ವರ್ಷದ ಭಯ ಇನ್ನೂ ಹೋಗಿರ್ಲಿಲ್ಲ. ಬೆಂಗಳೂರಿಗೆ ಹತ್ತಿರದ ಒಂದು ಹೆಸರಾದ ಬೆಟ್ಟಕ್ಕೆ ಸೂರ್ಯ ಹುಟ್ಟದು ನೋಡಣ ಅಂತ ರಾತ್ರಿ ಮೂರಕ್ಕೆ ಎದ್ದು ಹೊರಟಿದ್ವಿ. ಸೂರ್ಯ ಟೈಮಿಗೆ ಸರಿಯಾಗೇ ಹುಟ್ಟಿದ. ನಾವು ನೋಡಿದ್ದು ಮುಂದಿದ್ದ ಕಾರಿನ ಹಿಂದಿನ ಗಾಜಲ್ಲಿ. ಬೆಟ್ಟದ ಬುಡದಲ್ಲೇ ಎರಡು ಗಂಟೆ ನಿಂತು, ಮಗ ವಾಂತಿ ಮಾಡ್ಕಂಡು, ವಾಪಸ್ ಬಂದು ಮನೇಲಿ ಉಪ್ಪಿಟ್ಟು ತಿಂದ್ವಿ.

ಇದನ್ನ ಫೋನಲ್ಲಿ ಅವ್ವನಿಗೆ ಹೇಳಿದ್ರೆ, "ಗುಡ್ಡ ನೋಡಕ್ಕೆ ಅಷ್ಟ್ ದೂರ ಯಾಕೆ ಹೋಗ್ತೀರ? ನಮ್ಮ ಕಣದಾಗೆ ನಿಂತ್ರೆ ಕಾಣಕ್ಕಿಲ್ವಾ?" ಅಂದ್ಲು.

ಅವ್ವ ಇರೋದು ಶೆಟ್ಟಿಕೆರೆ ಹೋಬಳಿಯ ಒಂದು ಹಳ್ಳೀಲಿ. ಅತ್ಲಾಗೆ ತಿಪಟೂರು, ಇತ್ಲಾಗೆ ಚಿಕ್ಕನಾಯಕನಹಳ್ಳಿ, ನಡುವೆ ಎಲ್ಲಿ ನೋಡಿದ್ರೂ ತೆಂಗು. ಕಣದಲ್ಲಿ ನಿಂತ್ರೆ ತೋಟಗಳ ಮೇಲಿಂದ ದೂರಕ್ಕೆ ಒಂದು ನೀಲಿ ಗೆರೆ ಎಳೆದಂಗೆ ಗುಡ್ಡದ ಸಾಲು ಕಾಣ್ತದೆ. ಚಿಕ್ಕವರಿದ್ದಾಗ ಅದನ್ನ ನೋಡೇ ಮಳೆ ಬರ್ತದೋ ಇಲ್ವೋ ಅಂತ ಹೇಳ್ತಿದ್ವಿ. ಅಷ್ಟು ಬಿಟ್ರೆ ಅದರ ಹತ್ತಿರಕ್ಕೆ ಹೋಗಬೇಕು ಅಂತ ನಮಗ್ಯಾರಿಗೂ ಅನ್ನಿಸಿರ್ಲಿಲ್ಲ. ನೋಡೋ ಜಾಗ ಅಂದ್ರೆ ಬಸ್ಸಲ್ಲಿ ಒಂದು ರಾತ್ರಿ ಕೂತು ಹೋಗೋ ಜಾಗ ಅಂತಾನೇ ತಿಳ್ಕಂಡಿದ್ವಿ.

ಆ ಸಲ ಊರಿಗೇ ಹೋಗಣ ಅಂದಿದ್ದಕ್ಕೆ ಇನ್ನೊಂದು ಕಾರಣಾನೂ ಇತ್ತು. ಅಪ್ಪ ಹೋಗಿ ಮೂರು ವರ್ಷ. ಅವ್ವನಿಗೆ ಅರವತ್ತೆಂಟು, ಎಡಗಾಲಿನ ಮಂಡಿ ನೋವು. 2023ರಲ್ಲಿ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಅಂತಿದ್ರೂ ತಿಪಟೂರು ಮಾರ್ಕೆಟ್ಟಲ್ಲಿ ಅದಕ್ಕಿಂತ ಸಾವಿರಾರು ರೂಪಾಯಿ ಕಡಿಮೆಗೆ ಹೋಯ್ತಲ್ಲ, ಆವಾಗ್ಲೇ ನನ್ನ ತಮ್ಮ ಹೇಳಿದ್ದ: "ಸಾಕು ಅವ್ವ, ತೋಟ ಗುತ್ತಿಗೆಗೆ ಕೊಟ್ಟು ಬೆಂಗಳೂರಿಗೆ ಬಂದ್ಬಿಡು." ಅವ್ವ ಒಂದು ವರ್ಷ ಮುಂದಕ್ಕೆ ಹಾಕಿದ್ಲು. ಈಗ ಸಂಕ್ರಾಂತಿ ಕಳುದ್ ಮೇಲೆ ಕರ್ಕಂಡು ಬರದು ಅಂತ ನಾವಿಬ್ರೂ ತೀರ್ಮಾನ ಮಾಡಿದ್ವಿ. ಅವ್ವ ಹೂಂ ಅಂದಿರ್ಲಿಲ್ಲ, ಊಹೂಂ ಅಂತಾನೂ ಅಂದಿರ್ಲಿಲ್ಲ. ಹೊಸ ಕಾಯಿ ಕೆಡವಿ ಕಣದಲ್ಲೇ ರಾಶಿ ಬಿದ್ದಿತ್ತು. ಅಟ್ಟಕ್ಕೆ ಏರಿಸ್ದೆ ಹಸಿಕಾಯಾಗೇ ಕೊಟ್ಟುಬಿಡದು ಅಂತ ತಮ್ಮನ ಲೆಕ್ಕ.

ನಮ್ಮ ಕಡೆಯವರಲ್ಲದವ್ರಿಗೆ ಒಂದು ಮಾತು ಹೇಳ್ಬೇಕು. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಆಗೋದು ಬಿಸಿಲಲ್ಲಿ ಅಲ್ಲ, ಅಟ್ಟದ ಮೇಲೆ. ಬಲಿತ ಕಾಯಿನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡ್ತಾರೆ. ಒಳಗಿನ ನೀರು ನಿಧಾನಕ್ಕೆ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಉಂಡೆಯಾಗಿ ಅಲ್ಲಾಡ್ತದೆ. ಅವ್ವ ಕಾಯಿನ ಕಿವಿ ಹತ್ರ ಹಿಡ್ದು ಅಲ್ಲಾಡ್ಸಿ "ಇದಾಗೈತೆ, ಇದಿನ್ನೂ ಹಸಿ" ಅಂತ ಹೇಳ್ತಾಳೆ. ಅವಸರ ಮಾಡಿದ್ರೆ ಕೊಬ್ಬರಿ ಆಗಲ್ಲ. ಹಂಗಾಗಿ ನಮ್ಮ ಮನೇಲಿ ಯಾವತ್ತೂ ಯಾರಾದ್ರೂ ಒಬ್ರು ಇರ್ಲೇಬೇಕಿತ್ತು. ಅಪ್ಪ ಅವ್ವ ಇಬ್ರೂ ಸೇರಿ ಒಂದ್ಸಲ ಹೊರಗೆ ಹೋಗಿದ್ದು ನನಗೆ ನೆನಪಿಲ್ಲ, ಮದುವೆ ಮುಂಜಿ ಬಿಟ್ರೆ.

ಬೆಳಿಗ್ಗೆ ಆರಕ್ಕೆ ಹೊರಟ್ವಿ. ರಾತ್ರೀನೇ ಅವ್ವ ಅಕ್ಕಿರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಅರೆದು, ಮೊಸರನ್ನ ಕಲಸಿ ಸ್ಟೀಲ್ ಡಬ್ಬಿಗೆ ತುಂಬಿದ್ಲು. "ಹೋಟ್ಲು ಇರಲ್ವಾ ಅಜ್ಜಿ?" ಅಂದ ಮಗ. "ಗುಡ್ಡದ ಮ್ಯಾಲೆ ಯಾವನ್ ಮಡಗ್ತಾನೋ ಹೋಟ್ಲ?" ಅಂದ್ಲು. ಮಂಜು ಬಿದ್ದಿತ್ತು. ಅಲ್ಲಲ್ಲಿ ರಾಗಿ ತೆನೆನ ಟಾರ್ ರಸ್ತೆ ಮೇಲೇ ಹರಡಿದ್ರು, ನಮ್ಮ ಕಾರೂ ಒಂದಷ್ಟು ಒಕ್ಕಣೆ ಮಾಡ್ಕೊಡ್ತು. ಚಿಕ್ಕನಾಯಕನಹಳ್ಳಿ ದಾಟಿ ಮುಂದಕ್ಕೆ ಹೋದಂಗೆ ತೆಂಗು ತೆಳ್ಳಗಾಗಿ ಮಣ್ಣು ಕೆಂಪಗಾಯ್ತು.

ಆ ಕೆಂಪು ಮಣ್ಣಿಂದೂ ಒಂದು ಕಥೆ ಐತೆ. ಈ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ಐತೆ. ನನ್ನ ಮದುವೆಯಾದ ಹೊಸದರಲ್ಲಿ ಈ ರಸ್ತೇಲಿ ಅದಿರಿನ ಲಾರಿ ಬಿಟ್ರೆ ಬೇರೆ ಏನೂ ಕಾಣ್ತಿರ್ಲಿಲ್ಲ. ರಸ್ತೆ ಪಕ್ಕದ ತೆಂಗಿನ ಗರಿ ಎಲ್ಲ ಕೆಂಪು ಧೂಳು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಆದ್ಮೇಲೆ ತುಮಕೂರು, ಚಿತ್ರದುರ್ಗ ಜಿಲ್ಲೇಲೂ ಗಣಿ ನಿಲ್ಲಿಸಿತು. ಅದಾದ್ಮೇಲೆ ಲಾರಿಗಳ ಆ ಸಾಲು ಹೋಯ್ತು. ಲಾರಿ ಸಾಲ ಮಾಡಿದವರ ಮನೆ ಮುಳುಗಿದ್ದೂ ನಿಜ, ಗುಡ್ಡದಲ್ಲಿ ಹಕ್ಕಿ ಕೂಗೋದು ಕೇಳ್ಸಕ್ಕೆ ಶುರುವಾಗಿದ್ದೂ ನಿಜ. ಇವತ್ತು ನಾವು "ಎಷ್ಟು ಪ್ರಶಾಂತವಾಗೈತೆ" ಅಂತೀವಲ್ಲ, ಆ ಪ್ರಶಾಂತ ಸುಮ್ಮನೆ ಬಂದಿದ್ದಲ್ಲ.

ನಾವು ಹೋಗಿದ್ದು ಮದಲಿಂಗನ ಕಣಿವೆಗೆ. ಮದಲಿಂಗ ಅಂದ್ರೆ ನಮ್ಮ ಕಡೆ ಮದುವೆ ಗಂಡು. ಕಥೇನ ಒಬ್ಬೊಬ್ರು ಒಂದೊಂದು ಥರ ಹೇಳ್ತಾರೆ. ಅವ್ವ ಹೇಳಿದ್ದು ಹಿಂಗೆ: ಹೊಸದಾಗಿ ಮದುವೆಯಾದವನಿಗೆ ಹೆಂಡ್ತಿ ತಂಗಿ ಮೇಲೂ ಮನಸಾಯ್ತಂತೆ. "ಹಿಂದು ಹಿಂದಕ್ಕೆ ಹೆಜ್ಜೆ ಇಟ್ಟು ಈ ಗುಡ್ಡ ದಾಟು, ಕೊಡ್ತೀವಿ" ಅಂತ ಪಂಥ ಕಟ್ಟಿದ್ರಂತೆ. ಅವನು ಬಿದ್ದು ಸತ್ತನಂತೆ. "ಮುಂದೆ ನೋಡ್ಕಂಡು ನಡಿ ಅಂತ ಅದುಕ್ಕೇ ಹೇಳದು" ಅಂತ ಅವ್ವ ಮೊಮ್ಮಗನಿಗೆ ಬುದ್ಧಿ ಹೇಳಿದ್ಲು. ಅವನು ತಕ್ಷಣ ಹಿಂದು ಹಿಂದಕ್ಕೆ ನಡೆದು ತೋರಿಸ್ದ.

ಕಾರು ಕೆಳಗೆ ನಿಲ್ಸಿ ದನ ಓಡಾಡೋ ದಾರೀಲಿ ಹತ್ತಿದ್ವಿ. ಟಿಕೆಟ್ಟಿಲ್ಲ, ಪಾರ್ಕಿಂಗ್ ಚೀಟಿ ಇಲ್ಲ, ಮುಸುಕಿನ ಜೋಳ ಸುಡೋರಿಲ್ಲ. ಬಂದರಿಕೆ ಗಿಡ, ತಂಗಡಿ ಹೂವು, ಅಲ್ಲೊಂದು ಇಲ್ಲೊಂದು ಕಾರೆ ಮುಳ್ಳು. ಪೊದೆಯೊಳಗಿಂದ ಕೌಜುಗ ಭರ್ರಂತ ಹಾರಿದಾಗ ಮಗಳು ಕಿರುಚಿದ್ಲು. ಎದುರಿಗೆ ಸಿಕ್ಕಿದ್ದು ಒಬ್ಬ ಕುರಿ ಕಾಯೋ ಅಜ್ಜ ಮಾತ್ರ. "ಯಾವೂರವ್ವ? ಏನಾದ್ರೂ ಹರಕೇನಾ?" ಅಂತ ಕೇಳಿದ್ರು. "ಇಲ್ಲ ಕಣಣ್ಣ, ಸುಮ್ಕೆ ನೋಡಕ್ಕೆ ಬಂದ್ವಿ" ಅಂದ್ಲು ಅವ್ವ. ಅದನ್ನ ಹೇಳೋವಾಗ ಅವಳಿಗೆ ನಾಚಿಕೆ ಆಗಿದ್ದು ನನಗೆ ಗೊತ್ತಾಯ್ತು. ಸುಮ್ಮನೆ ಎಲ್ಲಿಗಾದ್ರೂ ಹೋಗೋದು ಅವಳ ಆಯಸ್ಸಲ್ಲಿ ಅದೇ ಮೊದಲು. ಅಜ್ಜ ನಕ್ಕು, "ಸಂಜೆ ಮಾಡ್ಕಬ್ಯಾಡ್ರಿ, ಚಿರತೆ ಐತೆ, ಕರಡೀನೂ ಐತೆ" ಅಂತ ಹೇಳಿ ಹೋದ್ರು.

ಅರ್ಧ ಗುಡ್ಡಕ್ಕೆ ಅವ್ವನ ಮಂಡಿ ನಿಂತುಹೋಯ್ತು. ಅಲ್ಲೇ ಒಂದು ಬಂಡೆ ಮೇಲೆ ಕೂತ್ವಿ. ಮಂಜು ಆವಾಗ ತಾನೇ ಕರಗ್ತಿತ್ತು. ಕೆಳಗೆ ಕಣ್ಣಿಗೆ ಕಾಣೋವಷ್ಟು ದೂರ ತೆಂಗಿನ ತಲೆಗಳು, ನಡುನಡುವೆ ಕೆರೆ ನೀರು ಹೊಳೀತಿತ್ತು. ಸುಮಾರು ಹೊತ್ತು ಯಾರೂ ಮಾತಾಡ್ಲಿಲ್ಲ. ಗಾಳಿ ಬಿಟ್ರೆ ಸದ್ದಿಲ್ಲ. ಆಮೇಲೆ ಅವ್ವ, "ನಮ್ಮ ತೋಟ ಯಾವುದು?" ಅಂದ್ಲು. ನಮ್ಮನೆಯವ್ರು ಬೆರಳು ತೋರ್ಸಿ ಆ ಕಡೆ ಇರ್ಬೇಕು ಅಂದ್ರು. ಅವ್ವ ಕಣ್ಣು ಕಿರಿದು ಮಾಡಿ ಹುಡುಕಿದ್ಲು. ಸಿಕ್ಕಲಿಲ್ಲ. "ಐವತ್ತು ವರ್ಷ ಅಲ್ಲಿಂದ ಇಲ್ಲೀಗ್ ನೋಡಿದೀನಿ, ಇಲ್ಲಿಂದ ಅಲ್ಲೀಗೆ ನೋಡಿರ್ಲಿಲ್ಲ" ಅಂದ್ಲು. ಇನ್ನೊಂಚೂರು ಹೊತ್ತು ಬಿಟ್ಟು, "ನಿಮ್ಮಪ್ಪ ಮದುವೆಯಾದ್ ವರ್ಸಾನೇ ಕರ್ಕಂಡ್ ಬತ್ತೀನಿ ಅಂದಿದ್ರು. ಹೊರಡೋ ದಿನ ಹಸ ಕರ ಹಾಕ್ತು. ಆಮ್ಯಾಲೆ ನೀನ್ ಹುಟ್ದೆ" ಅಂದ್ಲು. ನಾನು ಏನೂ ಹೇಳಕ್ಕಾಗದೆ ರೊಟ್ಟಿ ಡಬ್ಬಿ ಬಿಚ್ಚಿದೆ.

ಮಗಳು ಫೋನಲ್ಲಿ ವೀಡಿಯೋ ಮಾಡಿ, ಜಾಗದ ಹೆಸರು ಹಾಕಿ ಬಿಡಕ್ಕೆ ಹೊರಟಿದ್ಲು. ನಾನು ಬೇಡ ಅಂದೆ. "ನೀನು ಬ್ಲಾಗಲ್ಲಿ ಬರೀತೀಯಲ್ಲ, ಅದೇನು?" ಅಂದ್ಲು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗ್ಲೂ ಸರಿಯಾಗಿ ಇಲ್ಲ. ಅವಳು ಬರೀ ಫೋಟೋ ಹಾಕಿದ್ಲು. ನಾನು ಹೆಸರು ಬರೆದಿದೀನಿ. ಇಲ್ಲಿ ಓದೋರು ಐವತ್ತು ನೂರು ಜನ, ಅರ್ಧ ಜನ ನಮ್ಮ ಕಡೆಯವ್ರೇ, ಡಬ್ಬಿ ಕಟ್ಕಂಡು ಹೋಗಿ ಡಬ್ಬಿ ವಾಪಸ್ ತರೋರು ಅನ್ನೋ ಧೈರ್ಯ.

ಮಧ್ಯಾಹ್ನ ಹುಳಿಯಾರು ಕಡೆಗೆ ಹೋಗಿ ಬೋರನಕಣಿವೆ ಜಲಾಶಯ ನೋಡಿದ್ವಿ. ಸುವರ್ಣಮುಖಿ ಹೊಳೆಗೆ ಎರಡು ಗುಡ್ಡದ ನಡುವೆ ಮಹಾರಾಜರ ಕಾಲದಲ್ಲಿ ಕಟ್ಟಿದ್ದು. ಏರಿ ಮೇಲೆ ನಾವಷ್ಟೇ. ನೀರುಕಾಗೆ ರೆಕ್ಕೆ ಒಣಗಿಸ್ಕಂತ ಕೂತಿತ್ತು, ಬೆಳ್ಳಕ್ಕಿ ದಡದಲ್ಲಿ ಒಂಟಿಕಾಲಲ್ಲಿ ನಿಂತಿದ್ವು. ಮಗ ಎರಡು ಮಿಂಚುಳ್ಳಿ ಎಣಿಸ್ದ. ಅಲ್ಲಿಂದಾಚೆ ಬುಕ್ಕಾಪಟ್ಟಣದ ಕಾಡು. 2019ರಲ್ಲಿ ಅದನ್ನ ಚಿಂಕಾರ ವನ್ಯಧಾಮ ಅಂತ ಮಾಡವ್ರೆ. ಚಿಂಕಾರ ಅಂದ್ರೆ ಸಣ್ಣ ಜಾತಿ ಹುಲ್ಲೆ. ನಮಗೆ ಕಾಣ್ಲಿಲ್ಲ. ಕಾಣಬೇಕು ಅಂತ ನಾವು ಹಟಾನೂ ಹಿಡೀಲಿಲ್ಲ. ಮಗನಿಗೆ ಸಮುದ್ರ ಮರೆತೇ ಹೋಗಿತ್ತು.

ನೀವೂ ಹೋಗೋದಾದ್ರೆ ಮಳೆಗಾಲ ಕಳೆದ ಮೇಲಿಂದ ಸಂಕ್ರಾಂತಿವರೆಗೆ ಒಳ್ಳೇ ಕಾಲ. ಬೇಸಿಗೇಲಿ ಬಂಡೆ ಕಾದ ಹೆಂಚು. ನೀರು, ಊಟ ಮನೆಯಿಂದ್ಲೇ ಒಯ್ಯಿರಿ. ಹೆಂಗಸರಿಗೆ ಬೇಕಾದ ಅನುಕೂಲ ಗುಡ್ಡದ ಹತ್ರ ಇಲ್ಲ, ಊರಲ್ಲೇ ಮುಗಿಸ್ಕಂಡು ಹೋಗಿ. ಒಣ ಹುಲ್ಲು ಜಾಸ್ತಿ, ಬೆಂಕಿ ಕಡ್ಡಿ ಗೀರಬೇಡಿ. ನಾಲ್ಕು ಗಂಟೆಗೆ ಇಳಿದುಬಿಡಿ. ಕುರಿ ಕಾಯೋ ಅಜ್ಜ ಹೇಳಿದ್ದನ್ನ ನೆನಪಿಟ್ಕಳಿ.

ಮನೆಗೆ ಬರೋ ಹೊತ್ತಿಗೆ ಕತ್ತಲಾಗಿತ್ತು. ಅವ್ವ ಕಾಲಿಗೆ ಹರಳೆಣ್ಣೆ ಹಚ್ಕಂತ ಜಗಲಿ ಮೇಲೆ ಕೂತಿದ್ಲು. ನಾನು ಸಂಕ್ರಾಂತಿ ಮಾತು ಎತ್ತಣ ಅಂತ ಬಾಯಿ ತೆಗೆಯೋದ್ರೊಳಗೆ ಅವಳೇ, "ನಾಳಿಕ್ಕೆ ಇಬ್ರು ಆಳಿಗೆ ಹೇಳಿದೀನಿ" ಅಂದ್ಲು. "ಯಾಕೆ?" "ಕಾಯ್ ಅಟ್ಟಕ್ಕೆ ಹಾಕಕ್ಕೆ."

ಒಂದು ನಿಮಿಷ ನನಗೆ ಅರ್ಥ ಆಗ್ಲಿಲ್ಲ. ಆಮೇಲೆ ಆಯ್ತು. ಇವತ್ತು ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿ ಆಗಕ್ಕೆ ಒಂದು ವರ್ಷ ಬೇಕು. ಅಲ್ಲೀವರೆಗೂ ಮನೇಲಿ ಒಬ್ರು ಇರ್ಲೇಬೇಕು.

"ಮಂಡಿ?" ಅಂದೆ. "ಅರ್ಧ ಗುಡ್ಡ ಹತ್ಲಿಲ್ವಾ?" ಅಂದ್ಲು. ತಮ್ಮನಿಗೆ ಫೋನ್ ಮಾಡಿದೆ. ಅವನು ಸಿಟ್ಟಾದ, ಬಿದ್ದುಗಿದ್ದು ಬಿಟ್ರೆ ಯಾರು ನೋಡ್ಕಳದು ಅಂದ. ಅವನ ಮಾತಲ್ಲೂ ತಪ್ಪಿಲ್ಲ. ಪಕ್ಕದ ಮನೆ ಹುಡುಗಿ ರಾತ್ರಿ ಬಂದು ಮಲಗೋ ಹಂಗೆ, ತಿಂಗಳಿಗೊಂದ್ಸಲ ನಾನೋ ಅವನೋ ಹೋಗಿ ಬರೋ ಹಂಗೆ ಮಾತಾಯ್ತು. ಮುಂದಿನ ವರ್ಷ ಏನು ಅಂತ ಮಾತಾಡ್ಲಿಲ್ಲ.

ಬೆಂಗಳೂರಿಗೆ ಹೊರಡೋ ದಿನ ಆಳುಗಳು ಏಣಿ ಮೇಲೆ ನಿಂತು ಕಾಯಿ ಮೇಲಕ್ಕೆ ಎಸೀತಿದ್ರು, ಅವ್ವ ಕೆಳಗೆ ನಿಂತು ಎಣಿಸ್ತಿದ್ಲು. ಕಾರಿನ ಹತ್ರ ಬಂದು, "ತುರುವೇಕೆರೆ ಕಡೆ ಮಲ್ಲಾಘಟ್ಟದ ಕೆರೆ ಭಾರೀ ದೊಡ್ದಂತೆ, ಅದುಕ್ಕೆ ಗುಡ್ಡ ಹತ್ತಂಗಿಲ್ಲ" ಅಂತ ಅಳಿಯಂದ್ರಿಗೆ ಕೇಳೋ ಹಂಗೆ ನನಗೆ ಹೇಳಿದ್ಲು. ಅವ್ರು ನಕ್ಕು, ಯುಗಾದಿ ಆದ್ಮೇಲೆ ಬಿಸ್ಲು ಜಾಸ್ತಿ, ಶಿವರಾತ್ರಿಗೇ ಬರ್ತೀವಿ ಅಂದ್ರು.