ಕೂಸು ಹುಟ್ಟೋ ಮುಂಚೆ ಕುಲಾವಿ

ಗಂಡಸೊಬ್ಬ ಬಸ್ಸಲ್ಲಿ ಕೂತು ಉಲ್ಲನ್ ಹೆಣೀತಾ ಇದ್ರೆ ಬೆಳಗಾವಿಯಿಂದ ಖಾನಾಪುರದ 26 ಕಿಲೋಮೀಟರ್ ಎಷ್ಟು ಉದ್ದ ಅನ್ನೋದು ನನಗೇ ಗೊತ್ತು. ಪಕ್ಕದ ಸೀಟಿನ ಅಜ್ಜ ಪೀರನವಾಡಿ ದಾಟೋ ತನಕ ಸುಮ್ಮನಿದ್ದರು. ಆಮೇಲೆ ತಡೀಲಾರದೆ ಕೇಳೇಬಿಟ್ಟರು.

"ಏನ್ರೀ, ಮನ್ಯಾಗ ಹೆಂಗಸ್ರು ಇಲ್ಲೇನ್ರಿ?"

"ಅದಾರ್ರಿ. ಅವರಽ ಕಲಿಸಿದ್ದು."

ನಿಜ, ಕಲಿಸಿದ್ದು ಅವ್ವ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಜೋರು ಮಳೆಗೆ ಶಾಲೆಗೆ ಸೂಟಿ ಕೊಟ್ಟಿದ್ದರು. ಹಂಚಿನ ಮನೆಯೊಳಗೆ ಕೂತು ತಂಗಿ ಜತೆ ಜಗಳ ಆಡೋದು ಬಿಟ್ಟರೆ ನನಗೆ ಬೇರೆ ಕೆಲಸ ಇರಲಿಲ್ಲ. ನಮ್ಮಿಬ್ಬರ ಕಾಟ ತಾಳಲಾರದೆ ಅವ್ವ ಸೈಕಲ್ಲಿನ ಎರಡು ಸ್ಪೋಕು ತಂದು, ತುದಿಗಳನ್ನ ಕಲ್ಲಿಗೆ ಉಜ್ಜಿ ನುಣುಪು ಮಾಡಿ ಕೈಗೆ ಕೊಟ್ಟಳು. ತಂಗಿ ಎರಡೇ ದಿನಕ್ಕೆ ಕಡ್ಡಿ ಬಿಸಾಕಿದಳು. ನಾನು ಇವತ್ತಿಗೂ ಬಿಟ್ಟಿಲ್ಲ... ಅಲ್ಲ, ಮಧ್ಯೆ ನಾಲ್ಕು ವರ್ಷ ಬಿಟ್ಟಿದ್ದೆ. ಇವತ್ತು ಹೇಳಬೇಕಾಗಿರೋದು ಅದನ್ನೇ.

2018ರಲ್ಲಿ ತಂಗಿ ಬಸುರಿ ಅಂತ ಗೊತ್ತಾದ ವಾರವೇ ಖಡೇಬಜಾರಿಗೆ ಹೋಗಿ ಹಳದಿ ಉಲ್ಲನ್ ತಂದೆ. ಉಲ್ಲನ್ ಅಂತ ಹೆಸರು ಅಷ್ಟೇ, ಅದು ಅಕ್ರಿಲಿಕ್. ಕೂಸಿನ ಮೈಗೆ ಚುಚ್ಚಲ್ಲ, ಒಗೆಯೋದೂ ಸುಲಭ. ಆದರೆ ಬೆಂಕಿ ಹತ್ತಿರ ತರಬಾರದು, ಕರಗಿಬಿಡುತ್ತೆ.

ಕುಲಾವಿಯ ಲೆಕ್ಕ ಕಷ್ಟದ್ದೇನಲ್ಲ. ತಿಂಗಳು ತುಂಬಿ ಹುಟ್ಟಿದ ಕೂಸಿನ ತಲೆ ಸುತ್ತಳತೆ ಸುಮಾರು 35 ಸೆಂಟಿಮೀಟರ್. ನನ್ನ ಕೈಬಿಗಿಗೆ 10 ಸೆಂಟಿಮೀಟರಿಗೆ 22 ಟಾಕಾ ಬರುತ್ತೆ. (ಹೊಲಿಗೆ ಅನ್ನೋದಕ್ಕೆ ನಮ್ಮ ಕಡೆ ಮರಾಠಿ ಬೆರೆಸಿ ಟಾಕಾ ಅಂತಾರೆ.) ಹೆಣೆದದ್ದು ಹಿಗ್ಗುತ್ತಲ್ಲ, ಅದಕ್ಕೇ ತಲೆಗಿಂತ ಸ್ವಲ್ಪ ಸಣ್ಣದಾಗೇ ಹೆಣೀಬೇಕು. ಹಾಗಾಗಿ 72 ಟಾಕಾ. ಅಂಚಿಗೆ ಎರಡು ಸುಲಟ, ಎರಡು ಉಲಟ. ಮೇಲೆ ಬರೀ ಸಾದಾ. ನೆತ್ತಿ ಹತ್ತಿರ ಬಂದಾಗ ಎರಡೆರಡು ಟಾಕಾ ಕೂಡಿಸ್ತಾ ಕಡಿಮೆ ಮಾಡಿ, ಉಳಿದವುಗಳೊಳಗೆ ನೂಲು ಪೋಣಿಸಿ ಜಗ್ಗಿ ಗಂಟು ಹಾಕಿ, ಹಿಂದೆ ಕೂಡಿಸಿ ಹೊಲಿದರೆ ಮುಗೀತು. ಟಿಳಕವಾಡಿಯ ನನ್ನ ರೂಮಲ್ಲಿ ಅರ್ಧ, ಬಸ್ಸಲ್ಲಿ ಅರ್ಧ ಹೆಣೆದು ಮುಗಿಸಿದೆ.

ಏಳನೇ ತಿಂಗಳಲ್ಲಿ ಆ ಕೂಸು ಹೋಯ್ತು.

ಮಾತಾಡಿಸೋಕೆ ಬಂದ ನೆಂಟರೊಬ್ಬರ ಕಣ್ಣಿಗೆ ಕಪಾಟಿನ ಮೇಲಿದ್ದ ಹಳದಿ ಕುಲಾವಿ ಬಿತ್ತು. "ಕೂಸು ಹುಟ್ಟೂ ಮೊದಲಽ ಕುಲಾವಿ ಅಂತ ಹಿರ್ಯಾರು ಸುಮ್ನ ಅಂದಾರೇನು?" ಅಂದರು. ಅವರು ಕೆಟ್ಟವರೇನಲ್ಲ, ಬಾಯಿಗೆ ಬಂದ ಗಾದೆ ಅಂದರು ಅಷ್ಟೇ. ಆ ಗಾದೆ ಇರೋದು ಆತುರಗಾರರನ್ನ ನಗೋದಕ್ಕೆ ಅನ್ನೋದು ನನಗೂ ಗೊತ್ತು. ಆದರೂ ಅವತ್ತು ರಾತ್ರಿ ಕುಲಾವಿಯನ್ನ ಟ್ರಂಕಿನ ತಳಕ್ಕೆ ಹಾಕಿದೆ. ಕಡ್ಡಿಗಳನ್ನೂ ಅದರ ಜತೆಗೇ ಇಟ್ಟೆ.

2022ರ ಜುಲೈನಲ್ಲಿ ತಂಗಿಗೆ ಬೆಳಗಾವಿಯ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಎಂಟನೇ ತಿಂಗಳಿಗೇ ಬಂದುಬಿಟ್ಟಿತ್ತು. ತೂಕ 1 ಕಿಲೋ 800 ಗ್ರಾಂ. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಕೂಸು ಅಂತ ಲೆಕ್ಕ. ಕೂಸನ್ನ ಬರೀ ಮೈಯಲ್ಲಿ ತಾಯಿ ಎದೆಗೆ ಒರಗಿಸಿ ಇಡ್ತೀವಿ, ತಲೆಗೆ ಟೊಪ್ಪಿಗೆ, ಕಾಲಿಗೆ ಸಾಕ್ಸ್ ಬೇಕು ಅಂದರು ನರ್ಸಕ್ಕ. ಇಂಥ ಕೂಸಿನ ಮೈಗೆ ಹೋಲಿಸಿದರೆ ತಲೆಯೇ ದೊಡ್ಡದು, ಶಾಖ ಅಲ್ಲಿಂದಲೇ ಸೋರಿ ಹೋಗುತ್ತಂತೆ. ಈ ಪದ್ಧತಿ 1978ರ ಸುಮಾರಿಗೆ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಶುರುವಾದದ್ದು ಅಂತ ಆಮೇಲೆ ಓದಿ ತಿಳಕೊಂಡೆ. ಕಾಂಗರೂ ತನ್ನ ಮರೀನ ಚೀಲದಲ್ಲಿ ಇಟ್ಟುಕೊಳ್ಳೋ ಹಾಗೆ.

ಪೇಟೆಯಿಂದ ತಂದ ಟೊಪ್ಪಿಗೆ ಕೂಸಿನ ಮೂಗಿನ ತನಕ ಜಾರಿತು. ತಂಗಿ ನನ್ನ ಮುಖ ನೋಡಿದಳು.

"ಅಣ್ಣಾ, ಆ ಹಳದಿ ಟೊಪಗಿ ಐತೇನು?"

"ಬ್ಯಾಡವಾ, ಹೊಸಾ ನೂಲು ತರ್ತೀನಿ."

"ಅದನ್ನಽ ತಗೊಂಡ ಬಾ."

ಸಂಜೆ ಬಸ್ಸಿಗೆ ಖಾನಾಪುರಕ್ಕೆ ಹೋದೆ. ಕಣಕುಂಬಿ ಕಡೆ ಹೊಡೆದ ಮಳೆಗೆ ಮಲಪ್ರಭೆ ಕೆಂಪಗೆ ಹರೀತಾ ಇತ್ತು. ಟ್ರಂಕು ತೆಗೆದರೆ ಕುಲಾವಿ ಇಟ್ಟ ಹಾಗೇ ಇತ್ತು. ಆದರೆ ಅದು 72 ಟಾಕಾದ್ದು. ಈ ಕೂಸಿನ ತಲೆ 29 ಸೆಂಟಿಮೀಟರ್, 56 ಟಾಕಾ ಸಾಕು. ಬಿಚ್ಚದೆ ಬೇರೆ ದಾರಿ ಇರಲಿಲ್ಲ.

ಹಿಂದಿನ ಹೊಲಿಗೆ ಬಿಡಿಸಿದೆ. ನೆತ್ತಿಯ ಗಂಟಿಗೆ ಕತ್ತರಿ ಹಿಡಿದು ಹಾಗೇ ಕೂತುಬಿಟ್ಟೆ. ಆ ಕೂಸಿಂದು ಅಂತ ಮನೆಯಲ್ಲಿ ಉಳಿದಿದ್ದ ವಸ್ತು ಇದೊಂದೇ ಅಲ್ವಾ... ಅವ್ವ ಬಂದು ಎದುರಿಗೆ ಕೂತಳು.

"ನೂಲೇನ್ ತಪ್ಪ ಮಾಡೇತಿ, ತಮ್ಮಾ?" ಅಂತ ಹೇಳಿ ಗಂಟು ಕತ್ತರಿಸಿ, ಎಳೆಯ ತುದಿ ತಾನೇ ಹಿಡಕೊಂಡಳು. ನಾನು ಜಗ್ಗಿದೆ, ಅವಳು ಸುತ್ತಿದಳು. ಸಾಲು ಸಾಲು ಬಿಚ್ಚಿಕೊಳ್ಳೋವಾಗ ಸರ್ ಸರ್ ಅಂತ ಒಂದು ಸದ್ದು ಬರುತ್ತೆ ನೋಡಿ, ಹೆಣೆದವರಿಗೆ ಅದು ಗೊತ್ತಿರುತ್ತೆ. ಇಬ್ಬರೂ ಮಾತಾಡಲಿಲ್ಲ.

ಬಿಚ್ಚಿದ ನೂಲು ಗುಂಗುರು ಗುಂಗುರಾಗಿ ಇರುತ್ತೆ. ನೀರಲ್ಲಿ ನೆನೆಸಿ, ಕೆಳಗೆ ಭಾರ ಕಟ್ಟಿ ಒಣಗಿಸಿದರೆ ಸ್ವಲ್ಪ ನೆಟ್ಟಗಾಗುತ್ತೆ. ಅಷ್ಟು ಪುರುಸೊತ್ತು ಎಲ್ಲಿತ್ತು! ಗುಂಗುರು ನೂಲಲ್ಲೇ ರಾತ್ರಿಯೆಲ್ಲಾ ಹೆಣೆದೆ. ಟಾಕಾಗಳು ಸೊಟ್ಟಪಟ್ಟ ಬಂದವು. ಬೆಳಗಿನ ಜಾವ ಅವ್ವ ಬಿಸಿನೀರಲ್ಲಿ ಒಗೆದು ಫ್ಯಾನಿನ ಕೆಳಗೆ ಹರಡಿದಳು. ಮೊದಲ ಬಸ್ಸಿಗೆ ಟೊಪ್ಪಿಗೆ ಪೂರ್ತಿ ಒಣಗಿರಲಿಲ್ಲ. ಬೆಳಗಾವಿ ಬರೋ ತನಕ ಅಂಗಿಯೊಳಗೆ ಎದೆಗೆ ಒತ್ತಿ ಇಟ್ಟುಕೊಂಡಿದ್ದೆ.

ಸರಿಯಾಗಿ ಕೂತಿತು. ಹುಬ್ಬಿನ ಮೇಲಕ್ಕೆ, ಕಿವಿ ಮುಚ್ಚೋ ಹಾಗೆ. ತಂಗಿ ಆ ಸೊಟ್ಟ ಟಾಕಾಗಳ ಮೇಲೆ ಬೆರಳಾಡಿಸಿದಳು. ಏನೂ ಅನ್ನಲಿಲ್ಲ.

ಹಿರಿಯರ ಗಾದೆ ಮೇಲೆ ನನಗೀಗ ಸಿಟ್ಟಿಲ್ಲ. ಆದರೆ ಒಂದು ಅನಿಸುತ್ತೆ. ಕೂಸು ಹುಟ್ಟೋ ಮುಂಚೆ ಕುಲಾವಿ ಹೆಣೆಯೋದು ಆತುರ ಒಂದೇ ಅಲ್ಲ. ಸುಮ್ಮನೆ ಕೂತು ಕಾಯೋಕೆ ಬರದವರು ಕೈಯಲ್ಲಿ ಕಾಯ್ತಾರೆ.

ಸೊಸೆಗೆ ಆ ಟೊಪ್ಪಿಗೆ ಎರಡೇ ತಿಂಗಳಿಗೆ ಸಣ್ಣದಾಯ್ತು, ಈಗ ಅವಳ ಗೊಂಬೆ ಹಾಕಿಕೊಂಡಿದೆ. 72ರಿಂದ 56ಕ್ಕೆ ಇಳಿಸಿದಾಗ ಲಿಂಬೆಹಣ್ಣಿನಷ್ಟು ಹಳದಿ ನೂಲು ಮಿಕ್ಕಿತ್ತು. ಮೊನ್ನೆ ಅವಳ ಹೊಸ ಟೊಪ್ಪಿಗೆಗೆ ಅದರಲ್ಲೊಂದು ಗೊಂಡೆ ಕಟ್ಟೋಣ ಅಂತ ಟ್ರಂಕಿಗೆ ಕೈ ಹಾಕಿದೆ. ಅವ್ವ ಬೇಡ ಅಂದಳು.

"ಅದು ಮೊದಲಿಂದರ ಪಾಲು. ಇರ್ಲಿ ಬಿಡು."