ಎರಡು ಪತ್ರಿಕೆಗಳ ನಡುವಿನ 160 ನಿಮಿಷ

ಸಿಇಟಿ ಬರೆಯುವ ಮಕ್ಕಳಿರುವ ಮನೆಯವರು ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಈಚಿನ ವರ್ಷಗಳ ವೇಳಾಪಟ್ಟಿಯಂತೆ ಬೆಳಗಿನ ಪತ್ರಿಕೆ 10.30ರಿಂದ 11.50. ಮಧ್ಯಾಹ್ನದ್ದು 2.30ರಿಂದ 3.50. ತಲಾ 80 ನಿಮಿಷ, ಎರಡೂ ಸೇರಿ 160. ನಡುವಿನ ಬಿಡುವು? ಅದೂ 160 ನಿಮಿಷ. ಬರೆಯುವುದಕ್ಕೆ ಎಷ್ಟು ಹೊತ್ತೋ ಕಾಯುವುದಕ್ಕೂ ಅಷ್ಟೇ ಹೊತ್ತು. ಬರೆಯುವುದಕ್ಕೆ ಎರಡು ವರ್ಷ ತಯಾರಿ ಮಾಡುತ್ತೇವೆ. ಕಾಯುವುದಕ್ಕೆ ಒಂದು ದಿನವೂ ಮಾಡುವುದಿಲ್ಲ.

ಪ್ರತಿ ಬೇಸಿಗೆಯಲ್ಲಿ ವರದಿಗೆಂದು ನಾವು ಜಿಲ್ಲಾ ಕೇಂದ್ರದ ಕಾಲೇಜುಗಳ ಮುಂದೆ ನಿಲ್ಲುತ್ತೇವೆ. ಪೇಪರಿನವರಿಗೆ ಬೇಕಾದದ್ದು ಎರಡೇ ಸಾಲು: ಎಷ್ಟು ಮಂದಿ ಹಾಜರು, ಎಷ್ಟು ಮಂದಿ ಗೈರು. ಆದರೆ ನಾವು ಕಾಣುವ ನಿಜವಾದ ಸುದ್ದಿ ಗೇಟಿನ ಹೊರಗೆ ಇರುತ್ತದೆ. ಊರೊಳಗಿನ ಹುಡುಗ ಬೈಕ್ ಹತ್ತಿ ಮನೆಗೆ ಹೋಗಿ, ಉಂಡು, ಫ್ಯಾನ್ ಕೆಳಗೆ ಅರ್ಧ ಗಂಟೆ ಮಲಗಿ ಬರುತ್ತಾನೆ. ನಸುಕಿನಲ್ಲೇ ಬಸ್ ಹಿಡಿದು ಬಂದ ಹಳ್ಳಿಯ ಹುಡುಗಿ ಕಾಂಪೌಂಡ್ ಗೋಡೆಯ ನೆರಳು ಸರಿದಂತೆಲ್ಲ ತಾನೂ ಸರಿಯುತ್ತ ಕೂರುತ್ತಾಳೆ. 2.30ಕ್ಕೆ ಇಬ್ಬರಿಗೂ ಸಿಗುವುದು 60 ಅಂಕಗಳ ಅದೇ ಪತ್ರಿಕೆ.

ಒಂದು ಕೇಂದ್ರದಲ್ಲಿ ಬೆಳಗಿನ ಪತ್ರಿಕೆ ಮುಗಿದ ಕೂಡಲೇ ಎಲ್ಲರನ್ನೂ ಹೊರಗೆ ಕಳಿಸಿ ಗೇಟಿಗೆ ಬೀಗ ಹಾಕಿದ್ದರು. ಶೌಚಾಲಯ ಒಳಗೆ, ಮಕ್ಕಳು ಹೊರಗೆ. ಅಲ್ಲಿದ್ದ ಹುಡುಗಿಯರು ಬಾಟಲಿಯಲ್ಲಿ ನೀರಿದ್ದರೂ ಕುಡಿಯದೆ ಕೂತಿದ್ದರು. ಯಾಕೆಂದು ಕೇಳಬೇಕಾಗಿರಲಿಲ್ಲ. ಆ ಬಿಸಿಲಲ್ಲಿ ಮೂರು ತಾಸು ನೀರು ಬಿಟ್ಟು, ಮೇಲೆ ಗಣಿತ ಬಿಡಿಸು ಎಂದರೆ ಯಾರ ತಲೆ ಓಡೀತು?

ಇದನ್ನೆಲ್ಲ ನೋಡಿ ನಮಗೆ ತಿಳಿದ ನಾಲ್ಕು ಮಾತು ಹೇಳುತ್ತೇವೆ.

ಮೊದಲನೆಯದು, ಬರೆದದ್ದನ್ನು ಕೆದಕಬೇಡಿ. 11.50ಕ್ಕೆ ಗೇಟು ತೆರೆಯುತ್ತಲೇ ಅಪ್ಪನ ಪ್ರಶ್ನೆ: "ಎಷ್ಟು ಕರೆಕ್ಟ್ ಬರ್ತಾವು ತಮ್ಮಾ?" ಆಮೇಲೆ ಗೆಳೆಯರದ್ದು: "17ಕ್ಕೆ ಬಿ ಅಲ್ಲೇನು?" ಸಿಇಟಿಯಲ್ಲಿ ಪ್ರಶ್ನೆಪತ್ರಿಕೆಗೆ ಬೇರೆ ಬೇರೆ ವರ್ಷನ್ ಇರುತ್ತವೆ. ನಿಮ್ಮ 17ನೇ ಪ್ರಶ್ನೆ ಪಕ್ಕದವನಿಗೆ 42 ಆಗಿರಬಹುದು. ಒಎಂಆರ್ ಹಾಳೆ ಒಳಗೆ ಹೋಗಿಯಾಗಿದೆ, ಪೆನ್ನಿನಲ್ಲಿ ತುಂಬಿದ ವೃತ್ತ ಅಳಿಸುವುದಿಲ್ಲ. ಕೀ ಉತ್ತರಗಳನ್ನು ಪರೀಕ್ಷಾ ಪ್ರಾಧಿಕಾರವೇ ಆಮೇಲೆ ಪ್ರಕಟಿಸುತ್ತದೆ, ಆಕ್ಷೇಪಣೆಗೂ ಅವಕಾಶ ಕೊಡುತ್ತದೆ. ಲೆಕ್ಕ ಹಾಕುವುದು ಅವತ್ತಿಗಿರಲಿ.

ಎರಡನೆಯದು, ಬೇಗ ಉಣ್ಣಿ. 12.15ರ ಒಳಗೆ ಊಟ ಮುಗಿದರೆ ಹೊಟ್ಟೆ ಹಗುರಾಗಲು ಎರಡು ತಾಸು ಸಿಗುತ್ತದೆ. ಮೊಸರನ್ನವೋ, ರೊಟ್ಟಿ ಪಲ್ಯವೋ, ದಿನಾ ಉಣ್ಣುವುದನ್ನೇ ಬುತ್ತಿ ಕಟ್ಟಿಕೊಳ್ಳಿ. ಬಿಸಿಲು ಜೋರಿದ್ದರೆ ಮೊಸರನ್ನ ಹುಳಿಯಾಗದಂತೆ ಹಾಲು ಹೆಚ್ಚು, ಮೊಸರು ಕಡಿಮೆ ಹಾಕಿ ಕಲಸಬೇಕೆಂದು ಅವ್ವಂದಿರಿಗೆ ನಾವು ಹೇಳಬೇಕಿಲ್ಲ. ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿ ಸಂಜೆ ಬಸ್ ಹತ್ತುವಾಗ ತಿಂದರಾಯಿತು. ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಿ.

ಮೂರನೆಯದು, ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ನಿದ್ದೆ ಬರದಿದ್ದರೂ ಚಿಂತೆಯಿಲ್ಲ. ಎಬ್ಬಿಸುವ ಕೆಲಸ ಜೊತೆಗೆ ಬಂದವರದ್ದು.

ನಾಲ್ಕನೆಯದು, ಪುಸ್ತಕದ ಗಂಟು ಬಿಚ್ಚಬೇಡಿ. ಮಧ್ಯಾಹ್ನದ ವಿಷಯದ ಸೂತ್ರಗಳನ್ನು ಹಿಂದಿನ ವಾರವೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಒಂದು ಗಂಟೆಯ ನಂತರ ಅದನ್ನಷ್ಟೇ ಎರಡು ಸಲ ಓದಿ. ಹೊಸ ಪಾಠ ತೆರೆದರೆ ಬಾರದ್ದು ಬರುವುದಿಲ್ಲ, ಬಂದದ್ದೂ ಕಲಸಿಹೋಗುತ್ತದೆ. ಬೆಳಿಗ್ಗೆ ಸಮಯ ಸಾಲದೆ ಪ್ರಶ್ನೆ ಬಿಟ್ಟು ಬಂದಿದ್ದರೆ ಒಂದು ಮಾತು ನೆನಪಿಡಿ: ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮಧ್ಯಾಹ್ನ ಒಂದು ವೃತ್ತವನ್ನೂ ಖಾಲಿ ಬಿಡಬೇಡಿ. ಎರಡು ಗಂಟೆಗೆ ಮೊದಲೇ ಶೌಚಾಲಯಕ್ಕೆ ಹೋಗಿ ಬಂದು, ಮೊಬೈಲ್, ವಾಚು ಮನೆಯವರ ಕೈಗೆ ಕೊಟ್ಟು, ಪ್ರವೇಶಪತ್ರ, ಗುರುತಿನ ಚೀಟಿ, ಪೆನ್ನು ನೋಡಿಕೊಂಡು ಗೇಟಿನ ಹತ್ತಿರ ಇರಿ.

ಇಷ್ಟು ಮಕ್ಕಳ ಕೈಯಲ್ಲಿದೆ. ನೆರಳು ಮತ್ತು ಶೌಚಾಲಯ ಮಾತ್ರ ದೊಡ್ಡವರ ಕೈಯಲ್ಲಿದೆ. ಪರೀಕ್ಷೆಯ ಹಿಂದಿನ ವಾರ ಊರಿನ ಒಬ್ಬರು ಹೋಗಿ ಕೇಂದ್ರ ನೋಡಿ ಬನ್ನಿ. ಮಧ್ಯಾಹ್ನ ಗೇಟು ತೆರೆದಿರುತ್ತದೆಯೇ ಎಂದು ಪ್ರಿನ್ಸಿಪಾಲರನ್ನು ಕೇಳಿ. ಇಲ್ಲವೆಂದರೆ ಹತ್ತಿರದಲ್ಲಿ ನೆಂಟರ ಮನೆಯೋ, ಹಾಸ್ಟೆಲ್ಲೋ, ಕಲ್ಯಾಣ ಮಂಟಪವೋ ಇದೆಯೇ ನೋಡಿ, ಎರಡು ದಿನದ ಮಟ್ಟಿಗೆ ಕೇಳಿಕೊಳ್ಳಿ. ನಮ್ಮ ಜನ ಜಾತ್ರೆಗೆ ಬಂದ ಅಪರಿಚಿತರಿಗೂ ಅಂಗಳ ಬಿಟ್ಟುಕೊಡುತ್ತಾರೆ, ಪರೀಕ್ಷೆ ಬರೆಯುವ ಮಕ್ಕಳಿಗೆ ಇಲ್ಲ ಎನ್ನಲಾರರು. ಒಂದೇ ಊರಿನ ಮಕ್ಕಳಿಗೆಲ್ಲ ಸೇರಿ ಎರಡು ಚಾಪೆ, ಒಂದು ಕ್ಯಾನ್ ನೀರು ಸಾಕು.

ಹಾಗೆಯೇ, ಗೇಟಿನ ಹೊರಗೆ ನಿಂತ ಅಪ್ಪ ಅವ್ವಂದಿರಲ್ಲಿ ಒಂದು ವಿನಂತಿ. ಮಗ ಹೊರಗೆ ಬಂದಾಗ "ಎಷ್ಟು ಬಂತು?" ಎನ್ನುವ ಬದಲು "ಉಣ್ತೀ ಏನು ಬಾ" ಎನ್ನಿ.